ಅವ್ವನ ಮೊಣಕಾಲಿನ ಎತ್ತರಕ್ಕೊಂದು ಊಟದ ಕಟ್ಟೆ

೧೯೯೧ರಲ್ಲಿ ನಾನು ಶಾಲೆ ಬಿಟ್ಟೆ. ಏಳನೆಯ ಇಯತ್ತೆ ಇನ್ನೂ ಅರ್ಧಕ್ಕೆ ಬಂದಿತ್ತು. ತಿಳವಳ್ಳಿಯ ಹತ್ತಿರದ ನಮ್ಮ ಊರಿನಲ್ಲಿ ಯಾರದೋ ಹೊಸ ಮನೆ ಏಳುತ್ತಿತ್ತು. ಗೋಡೆ ಕಟ್ಟುತ್ತಿದ್ದ ಗೌಂಡಿಯ ಕೈಯಲ್ಲಿ ಕರಣಿ ಆಡುವುದನ್ನು ನೋಡುತ್ತ ನಿಂತವನು, ಮರುದಿನ ಪಾಟಿಚೀಲವನ್ನು ಮನೆಯಲ್ಲೇ ಬಿಟ್ಟು ಅವನಿಗೆ ಗಾರೆ ಕಲಸಿಕೊಡಲು ಹೋದೆ. ಇದನ್ನು ನಾನು ಸಂಕಟಪಟ್ಟು ಹೇಳುತ್ತಿಲ್ಲ. ಕಲಿತವರ ಮನೆಗಳ ನೆಲವನ್ನೂ ನಾನೇ ಹಾಕಿದ್ದೇನೆ, ಅವರು ಅದರ ಮೇಲೆ ಚಪ್ಪಲಿ ಬಿಟ್ಟು ನಡೆಯುತ್ತಾರೆ. ನನಗೆ ಅಷ್ಟು ಸಾಕು.

ಹಾನಗಲ್, ಶಿಗ್ಗಾಂವಿ, ಸವಣೂರು, ಹಿರೇಕೆರೂರು, ಈ ನಾಲ್ಕೂ ಕಡೆ ನನ್ನ ಕೆಲಸ ಇದೆ. ಅದರಲ್ಲೂ ನನ್ನ ವಾಟಕ್ಕೆ ಹೆಸರು. ವಾಟ ಎಂದರೆ ನೀರು ಹರಿದುಹೋಗಲು ನೆಲಕ್ಕೆ ಕೊಡುವ ಇಳಿಜಾರು. ಅದು ಕಣ್ಣಿಗೆ ಕಾಣಬಾರದು, ಕಾಲಿಗೆ ತಿಳಿಯಬಾರದು, ನೀರಿಗೆ ಮಾತ್ರ ಗೊತ್ತಾಗಬೇಕು. ನಾನು ಮಾಡಿದ ಬಚ್ಚಲಲ್ಲಿ ಒಂದು ಚೊಂಬು ನೀರು ಚೆಲ್ಲಿ ನೋಡಿ, ಯಾರನ್ನೂ ದಾರಿ ಕೇಳದೆ ಮೋರಿಗೆ ಹೋಗುತ್ತದೆ.

ಹಾನಗಲ್ಲಿನಲ್ಲಿ ನನ್ನದೇ ಮನೆ ಕಟ್ಟಿಕೊಂಡಾಗ ನಡುಮನೆಗೆ ಒಂದು ಊಟದ ಟೇಬಲ್ ತಂದೆ. ಸಾಗವಾನಿಯದು, ಮೇಲೆ ಗಾಜು, ಸುತ್ತ ಆರು ಕುರ್ಚಿ. ಹುಬ್ಬಳ್ಳಿಯಿಂದ ಟೆಂಪೋದಲ್ಲಿ ಬಂತು. ಡಾಕ್ಟರರ ಮನೆಗಳಲ್ಲಿ ಅಂಥದನ್ನು ನೋಡಿ ನೋಡಿ ನನ್ನ ಮನೆಯಲ್ಲೂ ಒಂದು ಇರಲಿ ಅನ್ನಿಸಿತ್ತು. ನಾವು ಮೂವರು, ಅಂದರೆ ನಾನು, ನನ್ನ ಹೆಂಡತಿ, ಮಗಳು, ಜಂಬದಿಂದ ಕುರ್ಚಿ ಎಳೆದುಕೊಂಡು ಕೂತೆವು. ಅವ್ವ ಮಾತ್ರ ಕೂರಲಿಲ್ಲ.

"ಕಾಲ ಇಳಿಬಿಟಗೊಂಡ ಉಂಡ್ರ ಉಂಡದ್ದು ಹೊಟ್ಟಿಗೆ ಹೋಗಂಗಿಲ್ಲೋ, ಸೀದಾ ಪಾದಕ್ಕ ಇಳೀತತಿ," ಅಂದಳು.

ಅವಳ ಊಟದ ರೀತಿ ಬೇರೆ. ಲಿಂಗಪೂಜೆ ಮುಗಿಸಿ, ಕಾಲು ಮಡಚಿ ಕೂತು, ಮುಂದೆ ಅಡ್ಡಣಿಗೆ ಇಟ್ಟುಕೊಂಡು ಅದರ ಮೇಲೆ ಗಂಗಾಳ ಇಡಬೇಕು. ಅಡ್ಡಣಿಗೆ ಅಂದರೆ ತಾಟು ಇಡುವ ಮೂರು ಕಾಲಿನ ಚಿಕ್ಕ ಪೀಠ. ಉಂಡಾದ ಮೇಲೆ ಗಂಗಾಳಕ್ಕೆ ನೀರು ಹಾಕಿ, ಬೆರಳಿನಿಂದ ತೊಳೆದು, ಆ ನೀರನ್ನು ಕುಡಿಯಬೇಕು. ಅವಳಿಗೆ ಪ್ರಸಾದದ ಒಂದು ಅಗುಳೂ ಮೋರಿ ಪಾಲಾಗಬಾರದು. ಇದೆಲ್ಲ ನೆಲದ ಮೇಲೆ ಕೂತಾಗ ಚೆಂದ. ಆದರೆ ಅವಳ ಎಡಗಾಲಿನ ಮೊಣಕಾಲು ಸವೆದುಹೋಗಿ ನೆಲಕ್ಕೆ ಇಳಿಯುವುದು ಆಗದಾಯಿತು. ಇಳಿದರೆ ಏಳಿಸಲು ಇಬ್ಬರು ಬೇಕು. ಹೀಗಾಗಿ ಅವ್ವ ಅಡುಗೆಮನೆಯ ಮೂಲೆಯಲ್ಲಿ ಒಂದು ಸ್ಟೂಲಿನ ಮೇಲೆ ಕೂತು, ಗಂಗಾಳ ತೊಡೆಯ ಮೇಲಿಟ್ಟುಕೊಂಡು, ನಾವೆಲ್ಲ ಎದ್ದ ಮೇಲೆ ಒಬ್ಬಳೇ ಉಣ್ಣತೊಡಗಿದಳು.

ನಾನು ಅದನ್ನು ರೂಢಿ ಮಾಡಿಕೊಂಡಿದ್ದೆ. ರೂಢಿ ತಪ್ಪಿಸಿದವಳು ಅಕ್ಕ. ಅವಳನ್ನು ಹಂಸಭಾವಿಗೆ ಕೊಟ್ಟಿದ್ದೇವೆ. ಹೋದ ವರ್ಷ ಪಂಚಮಿಗೆಂದು ತವರಿಗೆ ಬಂದವಳು ಅಡುಗೆಮನೆಯ ಬಾಗಿಲಲ್ಲಿ ನಿಂತು ಅವ್ವನನ್ನು ನೋಡಿದಳು. ಆಮೇಲೆ ನನ್ನ ಕಡೆ ತಿರುಗಿದಳು.

"ತಮ್ಮಾ, ನಾಕ ತಾಲೂಕಿಗೆ ಮನಿ ಕಟ್ಟಿದಿ. ಹಡದಾಕಿಗೆ ಕುಂತ ಉಣ್ಣಾಕ ಒಂದ ಜಾಗಾ ಕಟ್ಟಲಿಲ್ಲಲೋ!"

ನಗುನಗುತ್ತಲೇ ಅಂದಳು. ಆದರೆ ಗೌಂಡಿಗೆ ಅನ್ನಬಾರದ ಮಾತು ಅದು. ನನ್ನ ಕಿವಿ ಬಿಸಿಯಾದವು. "ಮುಂದಿನ ಪಂಚಮಿಗೆ ಬಾ. ಅವ್ವ ನಿನ್ನ ಬಾಜೂಕ ಕುಂತ ಉಣ್ಣಲಿಲ್ಲ ಅಂದ್ರ ಕೇಳು," ಅಂದುಬಿಟ್ಟೆ. ಅಂದದ್ದೇನೋ ಆಯಿತು, ಹೇಗೆ ಅನ್ನುವುದು ಗೊತ್ತಿರಲಿಲ್ಲ.

ಮಗಳು ಫೋನ್ ಹಿಡಿದುಕೊಂಡು ಬಂದಳು. ಅದರಲ್ಲಿ ಗಿಡ್ಡ ಟೇಬಲ್, ಸುತ್ತ ದಪ್ಪ ದಪ್ಪ ದಿಂಬು, ನೆಲದ ಮೇಲೆ ಕೂತ ಜನ. "ಅಪ್ಪಾ, ಜಪಾನದಾಗ ಹಿಂಗ ಕುಂತ ಉಣ್ತಾರಂತ, ಎಷ್ಟ ಚಂದ ಐತಿ ನೋಡ!"

ಅವ್ವ ಕನ್ನಡಕ ಏರಿಸಿಕೊಂಡು ನೋಡಿದಳು. "ಅವರಿಗೂ ಮೊಣಕಾಲ ನೋವ ಇರತಾವೇನ?"

ಮಗಳು ಫೋನನ್ನು ಅತ್ತ ಇಟ್ಟಳು. ಜಪಾನ್ ಅಲ್ಲಿಗೆ ಮುಗಿಯಿತು.

ಆಮೇಲೆ ನಾನೇ ಬಡಿಗನಿಂದ ಒಂದು ದಪ್ಪ ಮಣೆ ಮಾಡಿಸಿ ತಂದೆ. ಅವ್ವ ಅದರ ಮೇಲೆ ಕೂತಳು, ಏಳಲಾಗಲಿಲ್ಲ. ಕುರ್ಚಿಯ ಕಾಲು ಅರ್ಧಕ್ಕೆ ಕೊಯ್ಯಿಸಿದೆ. ಅದರ ಮೇಲೆ ಕೂತರೆ ಅವಳೊಬ್ಬಳು ಅತ್ತ ನೆಲದಲ್ಲೂ ಅಲ್ಲ, ಇತ್ತ ಟೇಬಲಿನಲ್ಲೂ ಅಲ್ಲ. "ಸಾಲಿ ಮಾಸ್ತರು ಹುಡುಗರನ್ನ ಹೊರಗ ಕುಂಡರಿಸಿದಂಗ ಆತಲ್ಲೋ," ಅಂದು ಅವ್ವ ಎದ್ದು ಅಡುಗೆಮನೆಗೆ ಹೋದಳು. ಹೆಂಡತಿ ಆ ಗಿಡ್ಡ ಕುರ್ಚಿಯನ್ನು ಕಾಯಿಪಲ್ಲೆ ಹೆಚ್ಚಲು ಇಟ್ಟುಕೊಂಡಳು.

ಉತ್ತರ ಸಿಕ್ಕಿದ್ದು ಮನೆಯ ಮುಂದೆಯೇ. ಒಂದು ಸಂಜೆ ಸವಣೂರಿನಿಂದ ಕೆಲಸ ಮುಗಿಸಿ ಬಂದು ಗಾಡಿ ನಿಲ್ಲಿಸಿದೆ. ಬಾಗಿಲ ಬಲಗಡೆ ನಾನೇ ಕಟ್ಟಿದ ಕಟ್ಟೆಯ ಮೇಲೆ ಅವ್ವ ಕೂತು ಮೆಂತ್ಯೆಪಲ್ಲೆ ಸೋಸುತ್ತಿದ್ದಳು. ಬಲಗಾಲು ಮಡಚಿ ಮೇಲಿತ್ತು, ನೋವಿನ ಎಡಗಾಲು ನೀಟಾಗಿ ಮುಂದೆ ಚಾಚಿಕೊಂಡಿತ್ತು, ಬೆನ್ನು ಗೋಡೆಗೆ. ಓಣಿಯವರೊಂದಿಗೆ ನಗುತ್ತಿದ್ದಳು. ಯಾರು ಕೂರಿಸಿದರು ಇವಳನ್ನು? ಯಾರೂ ಇಲ್ಲ. ನಾನು ಹೆಲ್ಮೆಟ್ ತೆಗೆಯದೆ ನಿಂತೇ ನೋಡಿದೆ. ಸ್ವಲ್ಪ ಹೊತ್ತಿಗೆ ಅವಳು ಪಲ್ಲೆಯ ಪುಟ್ಟಿ ಬದಿಗಿಟ್ಟಳು. ಎರಡೂ ಕಾಲು ಕಟ್ಟೆಯ ಅಂಚಿನಿಂದ ಇಳಿಬಿಟ್ಟಳು. ಕೈ ಊರಿದಳು, ಎದ್ದು ನಿಂತಳು. ಉಸ್ ಅಂತಲೂ ಅನ್ನಲಿಲ್ಲ.

ನಾನು ಓಡಿಹೋಗಿ ಕಟ್ಟೆಯ ಬುಡಕ್ಕೆ ಕೂತು ಕೈಯಿಂದ ಎತ್ತರ ಅಳೆದೆ. ಒಂದು ಮೊಳ, ಎರಡು ಬೆರಳು.

"ಏನಲೇ ಅದು? ಕಟ್ಟಿ ಏನ ಓಡಿ ಹೊಂಟಿತ್ತೇನ?"

"ಬೇ, ಇನ್ನೊಮ್ಮೆ ಕುಂಡ್ರ ಬೇ."

"ಈಗ ಎದ್ದೇನಿ."

"ಒಂದ ಸಲ ಕುಂಡ್ರ, ನನ್ನಾಣಿ."

ಕೂತಳು. ಅವಳ ಮೊಣಕಾಲಿಗೂ ಕಟ್ಟೆಗೂ ಎತ್ತರ ತಾಳೆಯಾಗಿತ್ತು. ಮೊಣಕಾಲು ಬಗ್ಗಿಸಿ ಇಳಿಯುವ ಕೆಲಸವೇ ಇಲ್ಲ. ಒರಗಿದಂತೆ ಕೂರುವುದು, ಹಿಂದಕ್ಕೆ ಸರಿಯುವುದು, ಕಾಲು ಮೇಲೆ ಎತ್ತಿಕೊಳ್ಳುವುದು. ನಾನು ಕುಣಿದುಬಿಟ್ಟೆ. ಓಣಿಯ ಹೆಂಗಸರು ಸೆರಗು ಬಾಯಿಗಿಟ್ಟು ನಕ್ಕರು. ನಗಲಿ.

"ನೀ ನೆಲಕ್ಕ ಇಳ್ಯಾಕ ಆಗಂಗಿಲ್ಲ ಅಂದ್ರ, ನೆಲಾನ ನಿನ್ನ ಕಡೆ ಏರಿಸ್ತೇನಿ ನೋಡ ಬೇ!"

ಮರುದಿನವೇ ಟೇಬಲನ್ನು ಪಡಸಾಲೆಗೆ ನೂಕಿದೆ. ಕಟ್ಟೆ ಎಲ್ಲಿ ಬರಬೇಕು ಅಂತ ನಡುಮನೆಯ ನೆಲದ ಮೇಲೆ ಸೀಮೆಸುಣ್ಣದಿಂದ ಬರೆದೆ. ಪೂರ್ವದ ಗೋಡೆಗೆ ಹೊಂದಿಸಿ ಎಲ್ ಆಕಾರದಲ್ಲಿ ಎರಡು ಬದಿ, ಆರು ಜನ ಕೂರುವಷ್ಟು ಉದ್ದ. ಅಗಲ ಎಷ್ಟು ಅನ್ನುವುದಕ್ಕೆ ನನ್ನ ಹೆಂಡತಿಯನ್ನೇ ಕೂರಿಸಿದೆ. ಹಿಂದೆ ಒರಗಲು ಲೋಡುದಿಂಬು, ನಡುವೆ ಮನುಷ್ಯ, ಮುಂದೆ ಅಡ್ಡಣಿಗೆ, ಅದರ ಮುಂದೆ ಒಂದು ಚಾಚಿದ ಕಾಲು ಹಿಡಿಯಬೇಕು.

"ಇಷ್ಟ ಅಗಲ ಯಾಕ ಬೇಕ್ರೀ? ಉಂಡ ಅಲ್ಲೇ ಮಲಗೂ ವಿಚಾರೇನು?"

"ಮಲಗಿದ್ರೂ ಮಲಗವಾ, ಯಾರ ಬ್ಯಾಡಂತಾರ."

ಆ ವಾರ ನಾನು ಹೊರಗಿನ ಕೆಲಸ ಹಿಡಿಯಲಿಲ್ಲ. ಇಟ್ಟಿಗೆ ಕಟ್ಟಿದೆ, ಒಳಗೆ ಮುರುಮಿನ ಮಣ್ಣು ತುಂಬಿ ನೀರು ಹಾಕಿ, ಬಡಿದು ದಮ್ಮಸು ಮಾಡಿದೆ. ಹೆಂಡತಿ ಬುಟ್ಟಿ ಹೊತ್ತಳು, ಮಗಳು ಕಾಲೇಜಿನಿಂದ ಬಂದವಳು ಚಹಾ ಕಾಸಿದಳು, ಅವ್ವ ಸ್ಟೂಲಿನ ಮೇಲೆ ಕೂತು ನನ್ನ ಗುರುವಿಗಿಂತ ಹೆಚ್ಚು ತಪ್ಪು ಹುಡುಕಿದಳು. ಮೇಲೆ ಹಾಸಲು ಟೈಲ್ಸ್ ಬೇಡ ಅಂದುಕೊಂಡೆ. ಚಳಿಗಾಲದಲ್ಲಿ ಅವು ಕೊರೆಯುತ್ತವೆ, ಒದ್ದೆಯಾದರೆ ಜಾರುತ್ತವೆ. ಶಿಗ್ಗಾಂವಿಯ ಹೆದ್ದಾರಿಯ ಮಗ್ಗುಲಿಗೆ ಕಲ್ಲಿನ ಅಂಗಡಿ ಇದೆ. ಅಲ್ಲಿ ಅರ್ಧ ದಿನ ನಿಂತು ಶಾಬಾದಿ ಫರಸಿಗಲ್ಲುಗಳನ್ನು ಒಂದೊಂದಾಗಿ ಬೆರಳಿನಿಂದ ಬಡಿದು, ನಾದ ಕೇಳಿ ಆರಿಸಿದೆ. ಅಂಗಡಿಯವನು, "ಹೆಣ್ಣ ನೋಡಾಕ ಬಂದೀರೋ ಕಲ್ಲ ನೋಡಾಕ ಬಂದೀರೋ?" ಅಂದ. "ಹೆಣ್ಣ ನೋಡುವಾಗ ಇಷ್ಟ ನೋಡಿದ್ದಿಲ್ಲಪಾ," ಅಂದೆ. ಈ ಮಾತನ್ನು ಮನೆಯಲ್ಲಿ ಹೇಳಲಿಲ್ಲ.

ಕಲ್ಲು ಕೂರಿಸಿದ ದಿನ ನನ್ನ ಕೈ ತಾನೇ ನಡೆಯುತ್ತಿತ್ತು. ಅಂಚನ್ನು ಉಜ್ಜಿ ದುಂಡಗೆ ಮಾಡಿದೆ, ಅವ್ವನ ತೊಡೆಗೆ ಒತ್ತಬಾರದು ಅಂತ. ಕಟ್ಟೆಯ ಬುಡವನ್ನು ನಾಲ್ಕು ಬೆರಳು ಒಳಕ್ಕೆ ತೆಗೆದುಕೊಂಡಿದ್ದೆ, ಏಳುವಾಗ ಹಿಮ್ಮಡಿ ಅಲ್ಲಿ ಸೇರಿದರೆ ಮೈಭಾರ ಕಾಲಿನ ಮೇಲೆ ಬರುತ್ತದೆ. ಕೂರುವ ಜಾಗಗಳಿಗೆ ಅವ್ವನೇ ಹೊಲಿದ ಹಳೇ ಕೌದಿಗಳನ್ನು ನಾಲ್ಕು ಮಡಿಕೆ ಮಾಡಿದೆವು. ಬಡಿಗ ಆರು ಅಡ್ಡಣಿಗೆ ತಂದುಕೊಟ್ಟ. ಗೋಡೆಗೆ ಲೋಡು ಬಂತು. ಕಿಟಕಿಯಿಂದ ಬೆಳಕು ನೇರ ತಾಟಿನ ಮೇಲೆ ಬೀಳುವಂತಿತ್ತು. ನನ್ನ ಮನೆಗೆ ನಾನೇ ಬೀಗನಂತೆ ಬಂದು ಬಂದು ನೋಡಿದೆ!

ಪಂಚಮಿಗೆ ಇನ್ನೂ ವಾರವಿತ್ತು. ಒಮ್ಮೆ ಉಂಡು ನೋಡೋಣ ಅಂತ ನಾಲ್ವರೂ ಕೂತೆವು. ಅವ್ವ ಕಟ್ಟೆಗೆ ಒರಗಿ ಕೂತಳು, ಹಿಂದೆ ಸರಿದಳು, ಕಾಲು ಚಾಚಿದಳು. ರೊಟ್ಟಿ, ಝುಣಕ, ಗಟ್ಟಿ ಮೊಸರು. ಯಾರೂ ಏನೂ ತಪ್ಪು ಹೇಳಲಿಲ್ಲ. ಆದರೆ ಅವ್ವ ಮಾತ್ರ ಒಂದು ಕೈಯನ್ನು ಕಲ್ಲಿನ ಮೇಲೆ ಊರಿಕೊಂಡೇ ಉಂಡಳು. ಕೊನೆಗೆ ಗಂಗಾಳಕ್ಕೆ ನೀರು ಹಾಕಿದಳು, ತೊಳೆದು ಕುಡಿಯಲು.

ನೀರು ಗಂಗಾಳದ ನಡುವೆ ನಿಲ್ಲಲಿಲ್ಲ. ಅಷ್ಟೂ ಮುಂದಿನ ಅಂಚಿಗೆ ಹೋಗಿ ಕೂತಿತು. ಅವಳ ಕಡೆಯ ಅರ್ಧ ಒಣಗಿಯೇ ಉಳಿಯಿತು.

ಅವ್ವ ಗಂಗಾಳ ನೋಡಿದಳು, ನನ್ನ ಮುಖ ನೋಡಿದಳು. "ಅದಕ್ಕ ಮತ್ತ. ಅವಾಗಿಂದ ಯಾರೋ ನನ್ನ ಮುಂದ ಜಗ್ಗಿದಂಗ ಆಗಾಕತ್ತಿತ್ತು."

ನನ್ನ ಹೆಂಡತಿಗೆ ತಕ್ಷಣ ತಿಳಿಯಿತು. ಮೂವತ್ತು ಮನೆಯ ಬಚ್ಚಲಿಗೆ ಬುಟ್ಟಿ ಹೊತ್ತವಳು ಅವಳು. "ಅಯ್ಯ! ವಾಟಾ ಕೊಟ್ಟೀರಿ? ಊಟದ ಕಟ್ಟಿ ಕಟ್ಟೀರೋ, ಬಚ್ಚಲಾ ಕಟ್ಟೀರೋ?"

ಹೌದು, ಕೊಟ್ಟಿದ್ದೆ. ಬೇಕೆಂದೇ ಕೊಟ್ಟಿದ್ದೆ. ಉಂಡ ಜಾಗ ಸಾರಿಸಬೇಕಲ್ಲ, ಒಂದು ಕೊಡ ನೀರು ಚೆಲ್ಲಿದರೆ ತಾನೇ ಅಂಚಿಗೆ ಬಂದು, ಕಟ್ಟೆಯ ಬುಡಕ್ಕೆ ನಾನು ಬಿಟ್ಟಿದ್ದ ಸಣ್ಣ ಕಾಲುವೆಗೆ ಬೀಳಲಿ, ಹೆಂಗಸರು ಬಗ್ಗಿ ಒರೆಸುವುದು ತಪ್ಪಲಿ ಅಂತ ಬರೋಬ್ಬರಿ ಒಂದು ಬೆರಳು ಇಳಿಸಿದ್ದೆ. ಕಲ್ಲು ಕೂರಿಸುವಾಗ ಅದನ್ನೇ ನೆನೆಸಿ ಹಿಗ್ಗಿದ್ದೆ. ಆ ಕಲ್ಲಿನ ಮೇಲೆ ನೀರಲ್ಲ, ನನ್ನ ಅವ್ವ ಕೂರುತ್ತಾಳೆ ಅನ್ನುವುದು ಕೈಗೆ ಹೊಳೆಯಲೇ ಇಲ್ಲ.

"ಇರಲಿ ಬಿಡೋ," ಅಂದಳು ಅವ್ವ. ಕಾಲು ಇಳಿಬಿಟ್ಟು ಎದ್ದಳು. "ಕಟ್ಟಿ ಚಂದ ಆಗೈತಿ. ನೀವು ಕುಂತ ಉಣ್ರಿ. ನನಗ ಅಡಗಿ ಮನ್ಯಾಗ ರೂಢಿ ಆಗೈತಿ." ಗಂಗಾಳ ಎತ್ತಿಕೊಂಡು ಹೋದಳು. ಎರಡನೆಯ ದಿನವೂ ಕರೆದೆ, ಮೂರನೆಯ ದಿನವೂ ಕರೆದೆ. ಬರಲಿಲ್ಲ. ಜಾರಿ ಬೀಳುವ ಹೆದರಿಕೆ ಒಮ್ಮೆ ಹೊಕ್ಕಿತೆಂದರೆ ವಯಸ್ಸಾದವರ ಮೈಯಿಂದ ಸುಲಭಕ್ಕೆ ಹೊರಡುವುದಿಲ್ಲ.

ಹೆಂಡತಿ ಉಪಾಯ ಹೇಳಿದಳು: ಅಡ್ಡಣಿಗೆಯ ಹಿಂದಿನ ಕಾಲು ಸ್ವಲ್ಪ ಕೊಯ್ಯಿಸೋಣ, ಕೌದಿಯ ಮುಂದಿನ ಮಡಿಕೆ ದಪ್ಪ ಮಾಡೋಣ. ಬೇರೆಯವರ ಮನೆಯಾಗಿದ್ದರೆ ನಾನೂ ಹಾಗೇ ಹೇಳಿ ಬರುತ್ತಿದ್ದೆನೇನೋ. ಆದರೆ ಕೂತಾಗಲೆಲ್ಲ ಆ ಒಂದು ಬೆರಳು ನನಗೇ ಚುಚ್ಚುತ್ತಿತ್ತು. ಅಕ್ಕನ ಫೋನ್ ಬಂತು. "ಏನೋ ತಮ್ಮಾ, ಅವ್ವನ ಜಾಗಾ ತಯಾರ ಆತೇನ?"

"ತಯಾರ ಐತಿ, ನೀ ಬಾ," ಅಂದೆ. ಫೋನ್ ಇಟ್ಟೆ. ಕಲ್ಲು ಎಬ್ಬಿಸಲು ಹಾರೆ ತೆಗೆದುಕೊಂಡೆ.

ಗಾರೆ ಇನ್ನೂ ಪೂರ್ತಿ ಬಿಗಿದಿರಲಿಲ್ಲ, ಕಲ್ಲು ಎದ್ದವು. ಒಂದು ಮಾತ್ರ ಒಡೆಯಿತು, ಒಡೆದ ಸದ್ದಿಗೆ ಅವ್ವ ಅಡುಗೆಮನೆಯಿಂದ ಬಂದು ಹಣೆ ಹಣೆ ಬಡಿದುಕೊಂಡಳು. "ಹುಚ್ಚ ಹಿಡದೈತೇನೋ ನಿನಗ! ಬಂಗಾರದಂಥಾ ಕಲ್ಲು! ನಾ ಏನ ಬ್ಯಾಡ ಅಂದೇನೇನ?"

"ನೀ ಬ್ಯಾಡ ಅಂದಿಲ್ಲ. ನೀರ ಅಂದೈತಿ. ಸರಿ ಬೇ ಆ ಕಡೆ."

ಈ ಸಲ ರಸಮಟ್ಟವನ್ನು ಪ್ರತಿ ಕಲ್ಲಿನ ಮೇಲೂ ಉದ್ದಕ್ಕೆ, ಅಡ್ಡಕ್ಕೆ, ಮೂಲೆಯಿಂದ ಮೂಲೆಗೆ ಇಟ್ಟೆ. ಅಷ್ಟು ಸಾಲದೆಂದು, ಎರಡು ತುದಿಯ ಮಟ್ಟ ನೋಡಲು ಪೈಪಿನಲ್ಲಿ ನೀರು ತುಂಬಿ ಮಗಳಿಗೆ ಒಂದು ತುದಿ ಕೊಟ್ಟೆ, ನಾನೊಂದು ತುದಿ ಹಿಡಿದೆ. ಗೊತ್ತೇ ನಿಮಗೆ, ಮಟ್ಟಸ ಮಾಡುವುದು ವಾಟ ಕೊಡುವುದಕ್ಕಿಂತ ಕಷ್ಟ. ವಾಟದಲ್ಲಿ ಒಂದು ಕೂದಲು ಹೆಚ್ಚುಕಡಿಮೆಯಾದರೂ ನೀರು ಕ್ಷಮಿಸುತ್ತದೆ. ಮಟ್ಟದಲ್ಲಿ ಕ್ಷಮೆ ಇಲ್ಲ. ಕೈ ಎರಡು ಸಲ ತಾನಾಗಿ ಮುಂದಕ್ಕೆ ಇಳಿಯಿತು, ಎರಡು ಸಲವೂ ಕಲ್ಲು ಎತ್ತಿ ಮತ್ತೆ ಕೂರಿಸಿದೆ. ಅಂಚಿನಲ್ಲಿ ಕೊನೆಯ ಕಲ್ಲು ಕೂತು, ರಸಮಟ್ಟದ ಗುಳ್ಳೆ ಎರಡು ಗೆರೆಗಳ ನಡುವೆ ಬಂದು ಅಲ್ಲಾಡದೆ ನಿಂತಾಗ ನಾನೂ ಮಗಳೂ ಒಟ್ಟಿಗೆ ಕೂಗಿದೆವು. ಸಾರಿಸುವ ಕೆಲಸ ನನ್ನದು ಅಂತ ಹೆಂಡತಿಗೆ ಮಾತು ಕೊಟ್ಟೆ. "ನೋಡೂಣು," ಅಂದಳು.

ರೊಟ್ಟಿ ಹಬ್ಬದ ದಿನ, ಅಂದರೆ ಪಂಚಮಿಗೆ ಹಿಂದಿನ ದಿನಗಳಲ್ಲೊಂದು, ಅಕ್ಕ ಮತ್ತು ಮಾವ, ಅಂದರೆ ಅವಳ ಗಂಡ, ಹಂಸಭಾವಿಯಿಂದ ಬಂದರು. ಆ ಹಬ್ಬಕ್ಕೆ ನಮ್ಮಲ್ಲಿ ಬಗೆಬಗೆಯ ಪಲ್ಲೆ ಮಾಡಿ, ಎಳ್ಳು ಹಚ್ಚಿದ ಗರಿಗರಿ ಕಟಿ ರೊಟ್ಟಿಯ ಅಡಕಲನ್ನೇ ಏರಿಸುತ್ತಾರೆ. ಅಕ್ಕ ಚೀಲ ಇಳಿಸುವ ಮೊದಲೇ ಕಟ್ಟೆಯ ಮುಂದೆ ನಿಂತಳು. ಅಂಚಿನ ಮೇಲೆ ಕೈಯಾಡಿಸಿದಳು, ಹತ್ತಿ ಕೂತಳು, ಇಳಿದಳು, ಮತ್ತೆ ಹತ್ತಿದಳು. ಮಾವ ಲೋಡಿಗೆ ಒರಗಿ, "ನಾ ಇನ್ನ ಹಂಸಭಾವಿಗೆ ಹೋಗಂಗಿಲ್ಲರೀ," ಅಂದರು.

"ಚಂದ ಐತಿ ಖರೆ," ಅಂದಳು ಅಕ್ಕ. "ಅವ್ವ ಎಲ್ಲಿ?"

ಅವ್ವ ಒಳಗೆ ಬದನೆಕಾಯಿ ಪಲ್ಲೆಯ ಪಾತ್ರೆಯನ್ನು ಸುಮ್ಮನೆ ತಿರುವುತ್ತಿದ್ದಳು. "ನೀವು ಕುಂತ್ಕೋರಿ, ನಾ ಬಡಸ್ತೇನಿ. ಆಮ್ಯಾಲ ಉಣ್ತೇನಿ."

"ನಾ ಬಡಸ್ತೇನಿ," ಅಂದೆ.

ನನ್ನ ಹೆಂಡತಿ ಸೌಟು ಕೈಯಲ್ಲಿ ಹಿಡಿದು ನನ್ನನ್ನು ಮೇಲಿಂದ ಕೆಳಗೆ ನೋಡಿದಳು. "ಯಾರು? ನೀವು? ಕರಣೀಲೆ ಬಡಸೂದಲ್ರೀ ಇದು, ಸೌಟೀಲೆ!" ಅಕ್ಕ ಹೊಟ್ಟೆ ಹಿಡಿದುಕೊಂಡು ನಕ್ಕಳು. ನಾನು ಸೌಟು ಕಸಿದುಕೊಂಡೆ. ಹೆಂಡತಿಯನ್ನೂ ಹತ್ತಿಸಿ ಕೂರಿಸಿದೆ, ಮಗಳೂ ಕೂತಳು, ನಡುವೆ ಅಕ್ಕನ ಬಾಜೂಕ ಒಂದು ಕೌದಿ, ಒಂದು ಅಡ್ಡಣಿಗೆ ಖಾಲಿ ಉಳಿದವು.

"ಬಾ ಬೇ. ನೀ ಬರೂತನಾ ನಾನೂ ರೊಟ್ಟಿ ಮುರಿಯಂಗಿಲ್ಲ," ಅಂದಳು ಅಕ್ಕ.

ಅವ್ವ ಬಾಗಿಲಿಗೆ ಬಂದಳು. ಸೆರಗಿಗೆ ಕೈ ಒರೆಸಿಕೊಂಡಳು. ಕಟ್ಟೆಯವರೆಗೆ ಬಂದು ನಿಂತು ನನ್ನನ್ನೇ ನೋಡಿದಳು. "ಜಗ್ಗಂಗಿಲ್ಲಲ್ಲಾ?"

"ಜಗ್ಗಿದ್ರ ನಾ ಈ ಕೆಲಸಾನ ಬಿಡ್ತೇನಿ."

ಒರಗಿ ಕೂತಳು. ಹಿಂದಕ್ಕೆ ಸರಿದಳು. ಬಲಗಾಲು ಮಡಚಿದಳು, ಎಡಗಾಲು ಚಾಚಿದಳು. ಕೈ ಮೊದಲು ಕಲ್ಲಿನ ಮೇಲೇ ಇತ್ತು. ನಾನು ಪಲ್ಲೆ ಬಡಿಸುತ್ತ ಬಡಿಸುತ್ತ ಆ ಕೈಯನ್ನೇ ನೋಡುತ್ತಿದ್ದೆ. ಅಕ್ಕ ಏನೋ ಚಾಡಿ ಹೇಳಿದಳು, ಅವ್ವ ನಕ್ಕಳು, ನಗುತ್ತ ಎರಡೂ ಕೈಯಿಂದ ರೊಟ್ಟಿ ಮುರಿದಳು. ಮುರಿದ ಕೈ ಮತ್ತೆ ಕಲ್ಲಿಗೆ ಹೋಗಲಿಲ್ಲ.

ನಾನು ಸಾಲಿನ ಮುಂದೆ ಓಡಾಡಿದೆ. ಕಟ್ಟೆ ಎತ್ತರವಿದ್ದುದರಿಂದ ಬಡಿಸಲು ಸೊಂಟವೂ ಅಷ್ಟಾಗಿ ಬಗ್ಗಬೇಕಿರಲಿಲ್ಲ. ಕಾಳುಪಲ್ಲೆ ಚೆಲ್ಲಿದೆ, ಶೇಂಗಾ ಚಟ್ನಿ ಒಬ್ಬರಿಗೆ ಎರಡು ಸಲ ಹಾಕಿದೆ, ಮಾವನವರಿಗೆ ಮೊಸರು ಮರೆತೆ. ಬೈಗುಳ ಬಿದ್ದವು. ನನಗೆ ಎಲ್ಲವೂ ಸಿಹಿ.

ಒಂದು ರೊಟ್ಟಿ ಮುಗಿಸಿ ಅವ್ವ ಗಂಗಾಳದಿಂದ ತಲೆ ಎತ್ತಿದಳು. ಅಡುಗೆಮನೆಯಲ್ಲಿ ಅವಳು ಉಣ್ಣುತ್ತಿದ್ದುದು ಯಾವಾಗಲೂ ಒಂದೇ ರೊಟ್ಟಿ. ವಯಸ್ಸಾಯಿತು, ಹಸಿವೆ ಕಡಿಮೆ ಅಂತ ನಾವೆಲ್ಲ ತಿಳಿದಿದ್ದೆವು. ಅಲ್ಲಿ ಅವಳಿಗೆ ಬೇಕೇನು ಅಂತ ಕೇಳುವವರು ಯಾರೂ ಇರಲಿಲ್ಲ.

"ಏನೋ, ನಿಂತ ನೋಡತಿ?" ಅಂದಳು. "ಇನ್ನೊಂದ ರೊಟ್ಟಿ ಹಾಕು. ಬದನಿಕಾಯಿ ಮುಂದ ತಾ."

ಹಾಕಿದೆ. ಆಮೇಲೆ ಇನ್ನರ್ಧ ಕೇಳಿದಳು, ಅದನ್ನೂ ಹಾಕಿದೆ.

ಈಗ ನನಗೆ ಇರುವುದು ಇಷ್ಟು: ಮೂರು ಕೋಣೆಯ ಒಂದು ಮನೆ, ಒಂದು ಗಾಡಿ, ನಾಲ್ಕು ಕರಣಿ, ಒಂದು ರಸಮಟ್ಟ, ಯಾರೂ ಕೂರದ ಒಂದು ಟೇಬಲ್, ಆರು ಜನರ ಒಂದು ಕಟ್ಟೆ, ಅದರ ಮೇಲೆ ದಿನಾಲೂ ಒಟ್ಟಿಗೆ ಉಣ್ಣುವ ನಾಲ್ಕು ಜನ.